ಎಲ್ಲರೂ ಹೇಳಿದ್ದು ಒಂದೇ ಅಲ್ಲ

ನಮ್ಮ ಸಭೆ-ಸಮಾರಂಭಗಳಲ್ಲಿ ಒಂದು ಮಾತಿಗೆ ಯಾವಾಗಲೂ ಚಪ್ಪಾಳೆ ಖಾತ್ರಿ. ಬೀಟಲ್ಸ್ ತಂಡ 1967ರಲ್ಲಿ ಹಾಡಿದ್ದನ್ನು ನಮ್ಮ ಬಸವಣ್ಣ ಎಂಟುನೂರು ವರ್ಷ ಮೊದಲೇ ಹೇಳಿದ್ದರು, ಶರೀಫಜ್ಜ ಹಾಡಿದ್ದೂ ಅದನ್ನೇ, ಕುವೆಂಪು ವಿಶ್ವಮಾನವ ಅಂದದ್ದೂ ಅದನ್ನೇ. ಎಲ್ಲರೂ ಹೇಳಿದ್ದು ಒಂದೇ, ಪ್ರೀತಿಯಿದ್ದರೆ ಸಾಕು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಆಸುಪಾಸಿನಲ್ಲಿ ಈ ಮಾತನ್ನು ರಾಜ್ಯೋತ್ಸವದ ಪೆಂಡಾಲಿನಲ್ಲಿ ಕೇಳಿದ್ದೇನೆ, ಆರತಕ್ಷತೆಗಳಲ್ಲಿ ಕೇಳಿದ್ದೇನೆ, ಗಣಪತಿ ಕೂರಿಸಿದ ಕಡೆಯ ರಸಮಂಜರಿಯಲ್ಲೂ ಕೇಳಿದ್ದೇನೆ. ಗಿಟಾರಿನ ಹುಡುಗ ಮೊದಲು ಆ ಇಂಗ್ಲಿಷ್ ಹಾಡು ನುಡಿಸುತ್ತಾನೆ, ಆಮೇಲೆ ಒಂದು ತತ್ವಪದ, ಕೊನೆಗೊಂದು ಭಾವಗೀತೆ. ನಿರೂಪಕರು ಮೂರನ್ನೂ ಒಂದೇ ದಾರಕ್ಕೆ ಪೋಣಿಸುತ್ತಾರೆ. ಸಭೆ ತಲೆದೂಗುತ್ತದೆ. ಊಟಕ್ಕೆ ಏಳುತ್ತದೆ.

ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ಕೇಳಿ ಸುಮ್ಮನಿರಬಹುದಿತ್ತು. ಸಭೆಗಳಲ್ಲಿ ಹೇಳುವ ಸುಳ್ಳುಗಳನ್ನೆಲ್ಲ ಖಂಡಿಸುತ್ತ ಕೂತರೆ ಆಯುಷ್ಯ ಸಾಲುವುದಿಲ್ಲ. ಆದರೆ ಇದು ಅನುಕೂಲದ ಸುಳ್ಳು. ನಮ್ಮ ಹಿರಿಯರು ನಮ್ಮ ಮೇಲೆ ಹೊರಿಸಿಹೋದ ಒಂದು ದೊಡ್ಡ ಸಾಲವನ್ನು ಮೂರು ನಿಮಿಷದ ಹಾಡಿನಲ್ಲಿ ತೀರಿಸಿಬಿಟ್ಟೆವು ಎಂಬ ಸಮಾಧಾನವನ್ನು ಅದು ಕೊಡುತ್ತದೆ. ಆ ಇಂಗ್ಲಿಷ್ ಹಾಡು ಕೇಳುಗನಿಂದ ಏನನ್ನೂ ಕೇಳಲಿಲ್ಲ. ನಮ್ಮವರು ಕೇಳಿದರು. ಏನು ಕೇಳಿದರು ಎಂಬುದನ್ನು ಮರೆಯುವುದಕ್ಕೆ ನಾವು ಕಂಡುಕೊಂಡ ಉಪಾಯವೇ ‘ಎಲ್ಲರೂ ಹೇಳಿದ್ದು ಒಂದೇ’.

ಮೊದಲು ಆ ಹಾಡಿನ ವಿಷಯ. ‘ಆಲ್ ಯು ನೀಡ್ ಈಸ್ ಲವ್’ ಜಗತ್ತಿಗೆ ಮೊದಲು ಕೇಳಿಸಿದ್ದು 1967ರ ಜೂನ್ 25ರಂದು, ‘ಅವರ್ ವರ್ಲ್ಡ್’ ಎಂಬ ಟಿ.ವಿ. ಕಾರ್ಯಕ್ರಮದಲ್ಲಿ. ಉಪಗ್ರಹಗಳ ನೆರವಿನಿಂದ ಹಲವು ಖಂಡಗಳಿಗೆ ಒಂದೇ ಹೊತ್ತಿಗೆ ನೇರ ಪ್ರಸಾರವಾದ ಅಂಥ ಕಾರ್ಯಕ್ರಮ ಅದೇ ಮೊದಲು. 14 ದೇಶಗಳು ತಮ್ಮ ತಮ್ಮ ಪಾಲಿನ ತುಣುಕು ಕೊಟ್ಟವು; ಬ್ರಿಟನ್ನಿನ ಪಾಲಿಗೆ ಬಿಬಿಸಿ ಬೀಟಲ್ಸ್ ತಂಡವನ್ನು ಕರೆಯಿತು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯುವಂಥ ಹಾಡು ಬೇಕಿತ್ತು. ಜಾನ್ ಲೆನ್ನನ್ ಬರೆದ. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಹೂವು, ಬಲೂನು, ಬಣ್ಣಬಣ್ಣದ ಅಂಗಿಗಳ ನಡುವೆ ಹಾಡಿದರು, ಪ್ರಸಾರವಾದದ್ದು ಮಾತ್ರ ಕಪ್ಪು-ಬಿಳುಪಿನಲ್ಲಿ. ನೋಡಿದವರು ಸುಮಾರು 40 ಕೋಟಿ ಎಂಬ ಅಂದಾಜಿದೆ. ಕಾರ್ಯಕ್ರಮಕ್ಕೆ ಒಂದು ಷರತ್ತಿತ್ತು: ರಾಜಕಾರಣಿಗಳು, ರಾಷ್ಟ್ರದ ಮುಖ್ಯಸ್ಥರು ಕಾಣಿಸಿಕೊಳ್ಳುವಂತಿಲ್ಲ. ಆದರೂ ರಾಜಕಾರಣ ಹೊರಗೆ ನಿಲ್ಲಲಿಲ್ಲ. ಅದೇ ತಿಂಗಳ ಮೊದಲಲ್ಲಿ ಇಸ್ರೇಲ್ ಮತ್ತು ಅರಬ್ ದೇಶಗಳ ಆರು ದಿನಗಳ ಯುದ್ಧ ಮುಗಿದಿತ್ತು. ಅದರ ಸಿಟ್ಟಿನಲ್ಲಿ ಸೋವಿಯತ್ ಒಕ್ಕೂಟವೂ ಅದರ ಮಿತ್ರ ದೇಶಗಳೂ ಪ್ರಸಾರಕ್ಕೆ ನಾಲ್ಕು ದಿನ ಇರುವಾಗ ಹಿಂದೆ ಸರಿದವು. ಇಡೀ ಜಗತ್ತಿಗೆಂದು ಸಿದ್ಧವಾದ ಪ್ರೀತಿಯ ಹಾಡು ಅರ್ಧ ಜಗತ್ತಿಗೆ ತಲುಪದೆಯೇ ಪ್ರಸಾರವಾಯಿತು.

ಹಾಡು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರ ಕಟ್ಟಡದಲ್ಲಿ ಒಂದು ಜಾಣತನವಿದೆ. ನಮ್ಮ ಸಂಗೀತದ ಪಾಠ ಹೇಳಿಸಿಕೊಂಡವರು ತಾಳ ಹಾಕುತ್ತ ಕೇಳಿದರೆ ಬೇಗ ಸಿಗುತ್ತದೆ. ಚರಣಗಳು ನಾಲ್ಕರ ಲೆಕ್ಕಕ್ಕೆ ಕೂರುವುದಿಲ್ಲ. ಮೊದಲು ಏಳು, ಮತ್ತೆ ಏಳು, ಆಮೇಲೆ ಎಂಟು, ಪುನಃ ಏಳು. ಮಿಶ್ರಛಾಪಿಗೆ ಕೈ ಹಾಕಿಕೊಂಡು ಹೊರಟವರು ಮೂರನೆಯ ಸುತ್ತಿನಲ್ಲಿ ಎಡವುತ್ತಾರೆ. ಚರಣದ ಮಾತುಗಳೂ ಹಾಗೆಯೇ, ಹೇಳಿದ್ದನ್ನೇ ತಿರುಗಿಸಿ ಹೇಳುವ ಒಗಟುಗಳು. ಪಲ್ಲವಿ ಬಂದ ಕೂಡಲೇ ಬಹುಪಾಲು ಸಮವಾಗುತ್ತದೆ, ಯಾರು ಬೇಕಾದರೂ ಚಪ್ಪಾಳೆ ತಟ್ಟಬಹುದು. ಜಗತ್ತು ಇಟ್ಟುಕೊಂಡದ್ದು ಆ ಪಲ್ಲವಿಯನ್ನು. ಕುಂಟುವ ಚರಣಗಳು ಯಾರ ಬಾಯಲ್ಲೂ ಉಳಿಯಲಿಲ್ಲ. ನಾವು ವಚನಗಳಿಗೆ, ತತ್ವಪದಗಳಿಗೆ, ಕುವೆಂಪುಗೆ ಮಾಡಿರುವುದೂ ಇದನ್ನೇ. ಹಾಡಲು ಹಗುರವಾದದ್ದನ್ನು ಉಳಿಸಿಕೊಂಡು ಕಾಲು ತೊಡರಿಸುವುದನ್ನು ಬಿಟ್ಟಿದ್ದೇವೆ.

ಇನ್ನೊಂದು ಸಂಗತಿ. ಹಾಡಿನ ಕೊನೆಯಲ್ಲಿ ಬಾಖ್‌ನ ಒಂದು ತುಣುಕು, ‘ಗ್ರೀನ್‌ಸ್ಲೀವ್ಸ್’ ಎಂಬ ಹಳೆಯ ಇಂಗ್ಲಿಷ್ ಧಾಟಿ, ‘ಇನ್ ದ ಮೂಡ್’ ಎಂಬ ನೃತ್ಯಸಂಗೀತದ ಚೂರು ಎಲ್ಲ ಬೆರೆಯುತ್ತವೆ. ಜಗತ್ತಿನ ಸಂಗೀತವೆಲ್ಲ ಒಂದೇ ಎನ್ನುವಂತೆ ಕೇಳಿಸುತ್ತದೆ. ಆದರೆ ‘ಇನ್ ದ ಮೂಡ್’ ಹಕ್ಕುಸ್ವಾಮ್ಯದಲ್ಲಿತ್ತು. ಅದರ ಪ್ರಕಾಶಕರು ಲೆಕ್ಕ ಕೇಳಿದರು, ಬೀಟಲ್ಸ್‌ನ ರೆಕಾರ್ಡ್ ಕಂಪನಿ ಹಣ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಪ್ರೀತಿಯೊಂದೇ ಸಾಕೆಂದ ಹಾಡಿಗೂ ರಾಯಲ್ಟಿ ರಸೀದಿ ಬೇಕಾಯಿತು. 2007ರ ಹೊತ್ತಿಗೆ ಅದೇ ಹಾಡು ಅಮೆರಿಕದಲ್ಲಿ ಮಕ್ಕಳ ಡಯಾಪರ್ ಮಾರುವ ಜಾಹೀರಾತಿಗೂ ಬಂತು. ಯಾರ ಮೇಲೂ ಯಾವ ಹೊಣೆಯನ್ನೂ ಹೊರಿಸದ ಮಾತನ್ನು ಯಾರು ಬೇಕಾದರೂ ಬಳಸಬಹುದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಆ ಜೂನ್ ತಿಂಗಳಲ್ಲಿ ಪ್ರೀತಿಯ ಬಗ್ಗೆ ನಿಜಕ್ಕೂ ದೊಡ್ಡ ಮಾತು ಹೊರಬಿದ್ದದ್ದು ಲಂಡನ್ನಿನ ಸ್ಟುಡಿಯೊದಲ್ಲಲ್ಲ. ಪ್ರಸಾರಕ್ಕೆ ಹದಿಮೂರು ದಿನ ಮೊದಲು, ಜೂನ್ 12ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ರಿಚರ್ಡ್ ಲವಿಂಗ್ ಬಿಳಿಯ, ಮಿಲ್ಡ್ರೆಡ್ ಬಿಳಿಯಳಲ್ಲ. 1958ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ವರ್ಜೀನಿಯಾದ ತಮ್ಮ ಊರಿಗೆ ಮರಳಿದರು. ರಾತ್ರಿ ಮಲಗುವ ಕೋಣೆಗೆ ನುಗ್ಗಿ ಪೊಲೀಸರು ಬಂಧಿಸಿದರು. ಒಂದು ವರ್ಷದ ಜೈಲು. 25 ವರ್ಷ ರಾಜ್ಯದೊಳಗೆ ಜೊತೆಯಾಗಿ ಕಾಲಿಡದಿದ್ದರೆ ಅದಕ್ಕೆ ವಿನಾಯಿತಿ ಎಂದಿತು ಅಲ್ಲಿನ ನ್ಯಾಯಾಲಯ. ದಂಪತಿ ಊರು ಬಿಟ್ಟರು, ವಕೀಲರನ್ನು ಹುಡುಕಿದರು, ವರ್ಷಗಟ್ಟಲೆ ಹೋರಾಡಿದರು. ಒಂಬತ್ತು ವರ್ಷಗಳ ಮೇಲೆ ಅಂಥ ಮದುವೆಗಳನ್ನು ನಿಷೇಧಿಸುವ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದು ಒಮ್ಮತದ ತೀರ್ಪು ಬಂತು. ಆ ಹೊತ್ತಿಗೆ ಇನ್ನೂ 16 ರಾಜ್ಯಗಳಲ್ಲಿ ಆ ಕಾನೂನು ಜಾರಿಯಲ್ಲಿತ್ತು. ಆ ಇಬ್ಬರಿಗೆ ಪ್ರೀತಿಗೆ ಕೊರತೆಯಿರಲಿಲ್ಲ. ಪ್ರೀತಿ ಸಾಕಾಗಿದ್ದರೆ ಅವರು ಊರು ಬಿಡಬೇಕಾಗಿರಲಿಲ್ಲ. ಆ ಜೂನ್‌ನಲ್ಲಿ 40 ಕೋಟಿ ಜನ ಹಾಡು ಕೇಳಿದರು. ಇಬ್ಬರ ಬದುಕು ಹಸನಾದದ್ದು ಒಂದು ಮೊಕದ್ದಮೆಯಿಂದ.

ಇತ್ತ ನಮ್ಮಲ್ಲಿ ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ, ಈ ಬಡಾವಣೆಗೆ ಹೆಸರು ಕೊಟ್ಟವರು. ಅದೇ ವರ್ಷದ ಆಗಸ್ಟಿನಲ್ಲಿ ಮಹಾಜನ ಆಯೋಗ ಮೈಸೂರು-ಮಹಾರಾಷ್ಟ್ರ ಗಡಿಯ ವರದಿ ಒಪ್ಪಿಸಿತು. ಪ್ರೀತಿಯ ಬೇಸಿಗೆಯೆಂದು ಪಶ್ಚಿಮದವರು ಹೆಸರಿಟ್ಟ ಆ ದಿನಗಳಲ್ಲಿ ನಾವು ಯಾವ ಹಳ್ಳಿ ಯಾರಿಗೆ ಎಂಬ ಲೆಕ್ಕದಲ್ಲಿದ್ದೆವು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಗಡಿಯ ಜಗಳ ಮುಚ್ಚುಮರೆಯಿಲ್ಲದ ಜಗಳ. ಯಾರೂ ಅದನ್ನು ಪ್ರೀತಿಯೆಂದು ಕರೆಯಲಿಲ್ಲ.

ಈಗ ಕಲ್ಯಾಣಕ್ಕೆ ಬರೋಣ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ಮತ್ತು ಶರಣರು ‘ಎಲ್ಲರನ್ನೂ ಪ್ರೀತಿಸಿ’ ಎಂದಷ್ಟೇ ಹೇಳಿದ್ದರೆ ಅಲ್ಲಿನ ಅರಸ ಬಿಜ್ಜಳನಿಗೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಅವನೂ ಸಭೆಯಲ್ಲಿ ತಲೆದೂಗುತ್ತಿದ್ದ. ಶರಣರು ಕೇಳಿದ್ದು ಬೇರೆ: ದುಡಿದು ತಿನ್ನು, ಉಳಿದದ್ದನ್ನು ಹಂಚು, ಹುಟ್ಟನ್ನು ಹಿಡಿದು ಯಾರನ್ನೂ ಅಳೆಯಬೇಡ. ಆ ಕೊನೆಯ ಮಾತು ಅನುಭವ ಮಂಟಪದ ಚರ್ಚೆಯಲ್ಲಿ ನಿಲ್ಲಲಿಲ್ಲ, ಮದುವೆಯ ಹಂದರಕ್ಕೆ ಬಂತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಹುಟ್ಟಿನ ಮಧುವರಸನ ಮಗಳಿಗೂ ಲಗ್ನವಾಯಿತು. ಇಬ್ಬರು ತಂದೆಯರಿಗೂ ಎಳೆಸಿ ಕೊಲ್ಲುವ ಎಳೆಹೂಟೆಯ ಶಿಕ್ಷೆಯಾಯಿತೆಂದು ನಮ್ಮ ಕಾವ್ಯ-ಪುರಾಣಗಳು ಹೇಳುತ್ತ ಬಂದಿವೆ. ಆಮೇಲೆ ಕಲ್ಯಾಣ ಹತ್ತಿ ಉರಿಯಿತು, ಶರಣರು ದಿಕ್ಕಾಪಾಲಾದರು. ಲಂಕೇಶರ ‘ಸಂಕ್ರಾಂತಿ’, ಕಾರ್ನಾಡರ ‘ತಲೆದಂಡ’ ಕೆದಕಿದ್ದು ಆ ಗಾಯವನ್ನೇ. ಶರಣರ ಚಳವಳಿಯಲ್ಲಿ ರಾಜ್ಯ ಬೆಚ್ಚಿದ್ದು ಒಂದು ಮದುವೆಗೆ. ನಾವು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆ ಮದುವೆಯನ್ನು ಮೆಲ್ಲಗೆ ಹೊರಗೆಳೆದು ಬಿಸಾಕಿ, ಉಳಿದ ಬೆಣ್ಣೆಯನ್ನು ವಿಶ್ವಪ್ರೇಮವೆಂದು ಸವರಿಕೊಂಡು ತಿನ್ನುತ್ತಿದ್ದೇವೆ.

ಒಂದು ವಚನವನ್ನೇ ನೋಡಿ. ತನ್ನನ್ನು ಯಾರವನೆಂದು ಕೇಳಿಸಬೇಡ, ನಮ್ಮವನೆಂದೇ ಎನಿಸು, ನಿನ್ನ ಮನೆಯ ಮಗನಾಗಿಸು ಎಂದು ಕೂಡಲಸಂಗಮನನ್ನು ಬೇಡುವ ಬಸವಣ್ಣನ ವಚನ ನಮ್ಮ ಮಕ್ಕಳಿಗೂ ಬಾಯಿಪಾಠ. ಅದನ್ನು ಮನೆಯ ಪಡಸಾಲೆಯಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕುತ್ತೇವೆ, ಬಂದವರನ್ನೆಲ್ಲ ಒಳಗೆ ಕರೆದುಕೊಳ್ಳುವ ಧಾರಾಳಿ ಮನೆಯಜಮಾನನ ಮಾತು ಎಂಬಂತೆ. ಆದರೆ ಆ ವಚನದಲ್ಲಿ ಮಾತಾಡುತ್ತಿರುವವನು ಯಜಮಾನನಲ್ಲ, ಬಾಗಿಲ ಹೊರಗೆ ನಿಂತವನು. ಒಳಗಿನವರು ತನ್ನ ಕುಲ ಕೇಳುತ್ತಾರೆ ಎಂಬ ಭಯ ಅವನದು. ಬಿಜ್ಜಳನ ಭಂಡಾರಿಯಾಗಿದ್ದ, ಹುಟ್ಟಿನಿಂದ ಮೇಲುಜಾತಿಯ ಮನುಷ್ಯ ತನ್ನನ್ನು ಆ ಜಾಗದಲ್ಲಿ ನಿಲ್ಲಿಸಿಕೊಂಡ. ಈ ಜಾಗ ಬದಲಾವಣೆಯೇ ಆ ವಚನದ ಬೆಂಕಿ. ನಾವು ಅವನನ್ನು ಮತ್ತೆ ಒಳಗೆ ಕರೆತಂದು ಸೋಫಾದ ಮೇಲೆ ಕೂರಿಸಿದ್ದೇವೆ.

ಆ ಚೌಕಟ್ಟಿನ ಕೆಳಗೆ ನಡೆಯುವ ಮಾತುಕತೆ ಹೇಗಿರುತ್ತದೆ? ಮನೆ ಬಾಡಿಗೆಗೆ ಹುಡುಕುವ ಗೆಳೆಯನ ಜೊತೆ ಹೋಗಿದ್ದೆ. ಗೇಟಿಗೆ ‘ಮನೆ ಬಾಡಿಗೆಗಿದೆ’ ಬೋರ್ಡು, ಒಳಗೆ ಚಹಾ, ಉಪಚಾರ. ಅಡ್ವಾನ್ಸು, ನೀರು, ಬೈಕು ನಿಲ್ಲಿಸುವ ಜಾಗ ಎಲ್ಲ ಮಾತಾಯಿತು. ಕೊನೆಗೆ ಯಜಮಾನರು ದನಿ ತಗ್ಗಿಸಿ, “ತಪ್ಪು ತಿಳ್ಕಬ್ಯಾಡ್ರಿ ಸರ್, ಯಾವ ಪೈಕಿ ಅಂತ ಕೇಳಬೌದಾ?” ಅಂದರು. ಗೆಳೆಯ ಹೇಳಿದ. “ನಂದೇನೂ ಇಲ್ರಿ, ಮನೇಲಿ ವಯಸ್ಸಾದೋರು ಅದಾರೆ, ಅವ್ರಿಗೆ ಸ್ವಲ್ಪ ಹಂಗೆ. ವಿಚಾರ ಮಾಡಿ ಫೋನ್ ಮಾಡ್ತೀನಿ.” ಫೋನು ಬರಲಿಲ್ಲ. ಒರಟು ಮಾತು ಒಂದೂ ಇರಲಿಲ್ಲ. ಬೀಳ್ಕೊಡುವಾಗ ಗೇಟಿನ ತನಕ ಬಂದು ನಕ್ಕು ಕೈಮುಗಿದರು. ನನಗೆ ಹೆದರಿಕೆಯಾಗುವುದು ಈ ನಗುವಿನ ಬಗ್ಗೆ. ಆ ಮನುಷ್ಯ ದ್ವೇಷಿಯಲ್ಲ. ಅವರಿಗೆ ನಿಜಕ್ಕೂ ಎಲ್ಲರ ಮೇಲೆ ಪ್ರೀತಿಯಿದೆ. ಆ ಪ್ರೀತಿಗೂ ಮನೆಯ ಬೀಗದ ಕೈಗೂ ಸಂಬಂಧವಿಲ್ಲ, ಅಷ್ಟೆ. ಪ್ರೀತಿಯೊಂದಿದ್ದರೆ ಸಾಕು ಎಂಬ ತತ್ವ ಸಾಕಿ ಬೆಳೆಸಿದ ಮನುಷ್ಯ ಹೀಗೇ ಇರುತ್ತಾನೆ.

ಶರೀಫರ ಕಥೆಯೂ ಇದೇ ಆಗಿದೆ. ಶಿಶುನಾಳದ ಶರೀಫ (1819–1889) ಮುಸ್ಲಿಮರಾಗಿ ಹುಟ್ಟಿ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಹಿಡಿದವರು. ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದರೆಂಬ ಕಥೆ ನಮ್ಮಲ್ಲಿ ಮನೆಮಾತು. ಆ ಕಥೆಯನ್ನು ಹೇಳುವಾಗ ನಾವು ಒಂದು ಭಾಗವನ್ನು ಬೇಗ ದಾಟುತ್ತೇವೆ: ಎರಡೂ ಕಡೆಯ ಜನ ಅವರಿಬ್ಬರನ್ನು ಕಾಡಿದ್ದನ್ನು. ಗುರು ತನ್ನವರ ಪಂಕ್ತಿಯನ್ನು ಪಣಕ್ಕಿಟ್ಟ, ಶಿಷ್ಯ ತನ್ನವರ ಮೆಚ್ಚುಗೆಯನ್ನು ಪಣಕ್ಕಿಟ್ಟ. ಇಬ್ಬರೂ ಕಳೆದುಕೊಂಡ ಮೇಲೆ ಹುಟ್ಟಿದ್ದು ಆ ಪದಗಳು. ಸೋರುವ ಮಾಳಿಗೆ, ಕೋಳಿ, ಗುಡುಗುಡಿ ಹೀಗೆ ಮನೆಯ ಸಾಮಾನು ಹಿಡಿದೇ ಅವರು ಮಾತಾಡಿದ್ದು ಸಾಮಾನ್ಯ ಪ್ರೀತಿಯ ಬಗ್ಗೆ ಅಲ್ಲ. ಕೇಳುವವನ ಅಹಂಕಾರ, ಅವನ ಮೈಗಳ್ಳತನ, ಅವನ ತಲೆಯ ಮೇಲಿನ ತೂತು ಸೂರಿನ ಬಗ್ಗೆ. ಸಿ. ಅಶ್ವತ್ಥ್ ಅವುಗಳನ್ನು ಮನೆಮನೆಗೆ ಮುಟ್ಟಿಸಿದರು. ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್‌ನಲ್ಲಿ ಗುಡುಗುಡಿಯ ಪದವನ್ನು ರಾಕ್ ವಾದ್ಯಗಳ ಜೊತೆ ಹಾಡಿ ಹೊರದೇಶದ ವೇದಿಕೆಗಳಿಗೂ ಒಯ್ದರು. ಅವರಿಬ್ಬರ ಮೇಲೂ ನನ್ನ ತಕರಾರಿಲ್ಲ. ತಕರಾರಿರುವುದು ಕಾಲೇಜು ಹಬ್ಬಗಳಲ್ಲಿ ಆ ಪದಕ್ಕೆ ಹೊಗೆಯ ಸನ್ನೆ ಮಾಡಿ ಕುಣಿದು, ಶರೀಫಜ್ಜನೂ ನಮ್ಮ ಹಿಪ್ಪಿಯೇ ಎನ್ನುವವರ ಮೇಲೆ. ಬೀಟಲ್ಸ್ ಹಾಡಿನ ಅದೇ ತಿಂಗಳು ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ಸಿತಾರ್ ನುಡಿಸಿದ ರವಿಶಂಕರ್, ತಮ್ಮ ಸಂಗೀತವನ್ನು ಮಾದಕದ ಜೊತೆ ಗಂಟುಹಾಕಿದ್ದನ್ನು ಬದುಕಿನುದ್ದಕ್ಕೂ ವಿರೋಧಿಸಿದರು. ಅವರಿಗೆ ಸಿಟ್ಟು ಬಂದದ್ದು ಏಕೆಂದರೆ, ವರ್ಷಗಳ ಶಿಸ್ತಿನಿಂದ ಬರುವುದನ್ನು ಅಲ್ಲಿನ ಕೇಳುಗರು ಒಂದು ಸಂಜೆಯ ಮತ್ತಿನಲ್ಲಿ ಪಡೆದೆವೆಂದು ತಿಳಿದರು. ನಮ್ಮ ವೇದಿಕೆಗಳ ವಿಶ್ವಪ್ರೇಮವೂ ಅಂಥದೇ ಮತ್ತು, ಮಾದಕವಿಲ್ಲದೆಯೇ ಏರುವಂಥದ್ದು.

ಆ ಮತ್ತು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ದಾವಣಗೆರೆ ಬಲ್ಲದು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂತು. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆಂದು ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಂದಿತು. ಅದೇ 1990ರ ಅಕ್ಟೋಬರ್‌ನಲ್ಲಿ ನಮ್ಮ ಊರು ಕೋಮುಗಲಭೆಯಲ್ಲಿ ಬೆಂದಿತು. ಮುಖ್ಯಮಂತ್ರಿ ವೀರೇಂದ್ರ ಪಾಟೀಲರ ಕುರ್ಚಿಯೂ ಆ ದಿನಗಳಲ್ಲೇ ಹೋಯಿತು. ಶರೀಫರ ಪದ ಬಾರದವರು ಊರಿನಲ್ಲಿ ಯಾರಿದ್ದರು? ಮಂಡಕ್ಕಿ-ಮಿರ್ಚಿ ಇಲ್ಲದೆ ಈ ಊರಿಗೆ ಸಂಜೆಯಾಗುವುದಿಲ್ಲ; ಆ ಮಂಡಕ್ಕಿ ಹುರಿಯುವ ಭಟ್ಟಿಗಳ ಮುಂದೆ ಬೇಯುವವರಲ್ಲಿ ಬಹುಪಾಲು ಮುಸ್ಲಿಮರು. ತಿಂದ ರುಚಿಯಾಗಲಿ, ಹಾಡಿದ ಪದವಾಗಲಿ ಆ ದಿನ ಅಡ್ಡ ಬಂದು ನಿಲ್ಲಲಿಲ್ಲ.

ಹಾಗಾದರೆ ಈ ಊರಲ್ಲಿ ಜನ ಒಂದಾದದ್ದೇ ಇಲ್ಲವೇ? ಆಗಿದ್ದಾರೆ. ಹತ್ತಿಗಿರಣಿಗಳ ಕಾಲದಲ್ಲಿ ಬೇರೆ ಬೇರೆ ಕೇರಿಗಳ ಕಾರ್ಮಿಕರು ಒಂದೇ ಪಾಳಿಯಲ್ಲಿ ದುಡಿದು, ಒಂದೇ ಗೇಟಿನ ಮುಂದೆ ಮುಷ್ಕರ ಕೂತರು. 1978, 1983, 1985ರಲ್ಲಿ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಸತತವಾಗಿ ವಿಧಾನಸಭೆಗೆ ಕಳಿಸಿದ್ದು ಇದೇ ಊರು. ಆ ಕಾರ್ಮಿಕರನ್ನು ಕೂಡಿಸಿದ್ದು ಹೃದಯದ ಮಾತಲ್ಲ, ಕೂಲಿಯ ಲೆಕ್ಕ. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಆ ಪಾಳಿಯೂ ಹೋಯಿತು, ಆ ಗೇಟೂ ಹೋಯಿತು. ಹಾಡು ಮಾತ್ರ ಉಳಿಯಿತು.

ಕುವೆಂಪು ಅವರ ವಿಶ್ವಮಾನವನನ್ನೂ ಈ ಹಾಡಿನ ಪಕ್ಕದಲ್ಲಿ ಕೂರಿಸುವುದು ತಪ್ಪು. ಕುವೆಂಪು ಭಾವನೆಯಲ್ಲಿ ನಿಲ್ಲಲಿಲ್ಲ, ಕಾರ್ಯವಿಧಾನ ಬರೆದುಕೊಟ್ಟರು. ಮಂತ್ರಮಾಂಗಲ್ಯ ಅಂಥದು: ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ, ಓಲಗ-ಮೆರವಣಿಗೆಯಿಲ್ಲ; ಕೆಲವೇ ಜನರ ಮುಂದೆ ವಧೂವರರು ಪ್ರತಿಜ್ಞೆ ಓದಿ ಗಂಡಹೆಂಡಿರಾಗುವುದು. 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಹಾಗೇ ಮಾಡಿದರು, ಅಂದರೆ ಮೊದಲು ತಮ್ಮ ಮನೆಯಲ್ಲೇ ಮಾಡಿ ತೋರಿಸಿದರು. ಮರುವರ್ಷದ ಜ್ಞಾನಪೀಠವನ್ನು ನೆನಪಿಟ್ಟ ನಾವು ಈ ಮದುವೆಯನ್ನು ನೆನಪಿಟ್ಟಿಲ್ಲ. ಅವರ ಕವನ ಹಾಡಿಸಿಯೇ ಆರತಕ್ಷತೆ ಶುರುವಾಗುವ ಕಲ್ಯಾಣಮಂಟಪಗಳಲ್ಲಿ ಎಷ್ಟು ತೊಲ ಎಂಬ ಮಾತು ಅಡುಗೆಮನೆಯ ಕಡೆ ನಡೆದೇ ಇರುತ್ತದೆ.

ನಾಡಗೀತೆಯ ಗತಿಯೂ ನೋಡಿ. ಸರ್ಕಾರ 2004ರಲ್ಲಿ ಕುವೆಂಪು ಕವನವನ್ನು ನಾಡಗೀತೆಯಾಗಿ ಅಂಗೀಕರಿಸಿತು. ಎಲ್ಲ ಜನಾಂಗಗಳೂ ನೆಮ್ಮದಿಯಾಗಿ ಬಾಳುವ ನಾಡಿನ ಕನಸು ಅದರಲ್ಲಿದೆ. ಅದರ ಮೇಲೆ ನಾವು ಮಾಡಿದ ಜಗಳ ಯಾವುದು? ಆ ನೆಮ್ಮದಿ ಯಾರಿಗೆ ತಲುಪಿದೆ, ಯಾರಿಗಿಲ್ಲ ಎಂಬುದಲ್ಲ. ಯಾವ ಆಚಾರ್ಯರ ಹೆಸರು ಅದರಲ್ಲಿದೆ, ಯಾರದಿಲ್ಲ ಎಂದು ತಕರಾರು ತೆಗೆದೆವು; ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂದು ವ್ಯಾಜ್ಯ ಹೂಡಿದೆವು. 2022ರಲ್ಲಿ ಸರ್ಕಾರ 2 ನಿಮಿಷ 30 ಸೆಕೆಂಡು ಎಂದು ನಿಗದಿ ಮಾಡಿತು. ವಿಶ್ವಪ್ರೇಮಕ್ಕೆ ನಾವು ಕೊಡಲು ಸಿದ್ಧರಿರುವ ಸಮಯ ಅಷ್ಟು ಎಂದು ಯಾರಾದರೂ ಚುಚ್ಚಿದರೆ ನಮ್ಮಲ್ಲಿ ಉತ್ತರವಿಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು ರಸಿಕರದು: ಹಾಡಿನ ಕೆಲಸ ಹಾಡುವುದು, ಕಾನೂನು ಮಾಡುವುದಲ್ಲ. ಒಪ್ಪಿದೆ. ಹಾಗಿದ್ದರೆ ಅದನ್ನು ಹಾಡಾಗಿಯೇ ಬಿಡಿ. ನಮ್ಮ ಸಮಾಜ ಒಳ್ಳೆಯದೆಂಬುದಕ್ಕೆ ಸಾಕ್ಷಿಯಾಗಿ ವೇದಿಕೆಗೆ ತರಬೇಡಿ. ವಚನವನ್ನೋ ತತ್ವಪದವನ್ನೋ ಅದರ ಕನ್ನಡ ಅವತರಣಿಕೆಯೆಂದು ಪರಿಚಯಿಸಬೇಡಿ.

ಎರಡನೆಯದು ಒಳ್ಳೆಯ ಮನಸ್ಸಿನವರದು: ಮೊದಲು ಹೃದಯ ಮೆದುವಾಗಲಿ, ನಡವಳಿಕೆ ತಾನಾಗಿ ಬದಲಾಗುತ್ತದೆ. ಈ ನಂಬಿಕೆಗೆ ನಾವು ಕೊಟ್ಟಿರುವ ಕಾಲಾವಕಾಶ ಸಣ್ಣದೇನಲ್ಲ, ಎಂಟು ಶತಮಾನ. ಹೃದಯ ಮೆದುವಾಗಿಯೇ ಇದೆ. ಗೇಟಿನ ತನಕ ಬಂದು ಕೈಮುಗಿಯುವಷ್ಟು ಮೆದುವಾಗಿದೆ. ಬದುಕಿನಲ್ಲಿ ಆಗುವುದು ಬಹುಪಾಲು ಉಲ್ಟಾ. ಒಂದೇ ಓಣಿಯಲ್ಲಿ ಇದ್ದ ಮೇಲೆ, ಒಂದೇ ಪಾಳಿಯಲ್ಲಿ ದುಡಿದ ಮೇಲೆ, ಬೀಗತನವಾದ ಮೇಲೆ ಹೃದಯ ದಾರಿಗೆ ಬರುತ್ತದೆ. ಸೊಸೆಯ ಜಾತಿ ಕೇಳಿ ಮೂರು ವರ್ಷ ಮಾತು ಬಿಟ್ಟ ಅಜ್ಜಿ ಮೊಮ್ಮಗ ಹುಟ್ಟಿದ ದಿನ ಬಾಣಂತಿಗೆ ಎಣ್ಣೆ ಹಚ್ಚಲು ಕೂತದ್ದನ್ನು ಯಾವ ಓಣಿಯವರು ಕಂಡಿಲ್ಲ? ಅಜ್ಜಿ ಬದಲಾದದ್ದು ಹಾಡು ಕೇಳಿಯಲ್ಲ, ಮದುವೆ ಆಗಿಹೋಗಿತ್ತು ಎಂಬ ಕಾರಣಕ್ಕೆ.

ಮೂರನೆಯ ಆಕ್ಷೇಪ ಇನ್ನೂ ಜಾಣತನದ್ದು: ಜಾತಿ, ಹಕ್ಕು, ಕಾನೂನು ಎಂದು ಎತ್ತಿದರೆ ಮನಸ್ಸು ಒಡೆಯುತ್ತದೆ, ಪ್ರೀತಿಯ ಮಾತಾದರೆ ಎಲ್ಲರನ್ನೂ ಕೂಡಿಸುತ್ತದೆ. ಇದನ್ನು ಹೇಳುವವರು ನಮ್ಮ ಪಕ್ಕದ ಹರಿಹರದ ಹರಿಹರೇಶ್ವರನನ್ನು ಉದಾಹರಣೆ ಕೊಡದೆ ಬಿಡುವುದಿಲ್ಲ. ಶೈವ-ವೈಷ್ಣವರ ಜಗಳ ಬಿಡಿಸಿ ಒಂದು ಮಾಡಿದ ದೇವರು! ಹೋದಾಗ ಸ್ವಲ್ಪ ನಿಂತು ನೋಡಿ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಆ ಗುಡಿಯ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಇಬ್ಬರ ಗುರುತುಗಳೂ ಬೇರೆ ಬೇರೆಯಾಗಿ ಕಡೆದಿವೆ. ಶಿಲ್ಪಿ ಗುರುತು ಅಳಿಸಿ ಮುಖ ಕಲಸಿ ಐಕ್ಯ ಸಾಧಿಸಲಿಲ್ಲ; ಎರಡು ಬಣಗಳಿಗೂ ಪೂರ್ಣ ಪಾಲು ಕೊಟ್ಟು ಒಂದೇ ಪೀಠದ ಮೇಲೆ ನಿಲ್ಲಿಸಿದ. ಪಾಲಿನ ಮಾತೆತ್ತಿದರೆ ಪ್ರೀತಿ ಒಡೆಯುತ್ತದೆ ಎನ್ನುವವರ ವಿರುದ್ಧವೇ ಆ ಕಲ್ಲು ನಿಂತಿದೆ.

ಅದೇ ಹರಿಹರದಲ್ಲಿ 1938ರಲ್ಲಿ ಹುಟ್ಟಿದವರು ಪ್ರೊ. ಬಿ. ಕೃಷ್ಣಪ್ಪ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿ ಭೂಮಿ, ಕೂಲಿ, ಮರ್ಯಾದೆಯ ಪ್ರಶ್ನೆಗಳನ್ನು ಊರೂರಿನ ಬೀದಿಗೆ ತಂದರು. ಅವರನ್ನು ಆಗಲೂ ಮನಸ್ಸು ಒಡೆಯುವವರೆಂದೇ ಕರೆದರು. ಅಂಬೇಡ್ಕರರಿಗೂ ಇದೇ ಆಯಿತು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಜಾತಿ ಮುರಿಯುವ ಭಾಷಣಕ್ಕೆಂದು ಅವರನ್ನು ಕರೆಯಿತು; ಬರೆದ ಭಾಷಣ ಓದಿ ಹೆದರಿ ಸಮ್ಮೇಳನವನ್ನೇ ರದ್ದುಮಾಡಿತು. ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ, ಸಹಭೋಜನಕ್ಕಷ್ಟೇ ಅದು ಬಗ್ಗುವುದಿಲ್ಲ ಎಂದು ಆ ಭಾಷಣದಲ್ಲಿ ಅವರು ಬರೆದಿದ್ದರು. ಬಂಧುತ್ವಕ್ಕೆ ಸಂವಿಧಾನದ ಪೀಠಿಕೆಯಲ್ಲಿ ಜಾಗ ಸಿಕ್ಕಿದ್ದೂ ಅದೇ ಅಂಬೇಡ್ಕರರು ಕರಡು ಸಮಿತಿಯ ಅಧ್ಯಕ್ಷರಾಗಿದ್ದಾಗ. ಅಲ್ಲಿ ಅದು ಒಂಟಿಯಾಗಿಲ್ಲ. ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳ ಸಾಲಿನಲ್ಲಿ ಕೊನೆಗೆ ಬರುತ್ತದೆ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ಒಂದರಿಂದ ಒಂದು ಬಿಡಿಸಲಾಗದು ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಎಚ್ಚರಿಸಿದರು. ಉಳಿದವನ್ನು ಬಿಟ್ಟು ಪ್ರೀತಿಯೊಂದನ್ನೇ ಎತ್ತಿಕೊಳ್ಳುವವರು ಆ ಎಚ್ಚರಿಕೆಯನ್ನು ಕೇಳಿಸಿಕೊಂಡವರಲ್ಲ.

ಪ್ರೀತಿಗೆ ಏನೇನು ಬೇಕು ಎಂಬುದರ ನಿಖರವಾದ ಪಟ್ಟಿ ನಮ್ಮಲ್ಲಿ ಒಂದು ಕಡೆ ಇದೆ. ಕವಿಗಳು ಬರೆದದ್ದಲ್ಲ, 1954ರ ವಿಶೇಷ ವಿವಾಹ ಕಾಯ್ದೆಯಲ್ಲಿರುವುದು. ಜಾತಿ-ಮತ ಮೀರಿ ಈ ಕಾಯ್ದೆಯಡಿ ಮದುವೆಯಾಗಬೇಕೆಂದವರು ಅಧಿಕಾರಿಗೆ ನೋಟಿಸು ಕೊಡಬೇಕು. ಆ ನೋಟಿಸು ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ತೂಗಬೇಕು. 30 ದಿನ ಕಾಯಬೇಕು. ಆ 30 ದಿನಗಳಲ್ಲಿ ಹೆಸರು-ವಿಳಾಸ ಓದಿದ ಯಾರಾದರೂ ಊರಿಗೆ ಸುದ್ದಿ ಮುಟ್ಟಿಸಬಹುದು. ಹುಡುಗಿಯ ಫೋನು ಕಿತ್ತುಕೊಳ್ಳುವುದು, ಹುಡುಗನ ಮನೆಯ ಮುಂದೆ ಜನ ಸೇರುವುದು ಎಲ್ಲ ಅದೇ ದಿನಗಳಲ್ಲಿ. ಅದೆಲ್ಲ ದಾಟಿ ಬಂದರೆ ಕೊನೆಗೆ ಅಧಿಕಾರಿಯ ಎದುರು ಇಬ್ಬರೂ ಸಹಿ ಹಾಕಬೇಕು, ಜೊತೆಗೆ ಮೂವರು ಸಾಕ್ಷಿಗಳು ಸಹಿ ಹಾಕಬೇಕು. ಎಷ್ಟೋ ಮದುವೆಗಳಲ್ಲಿ ಆ ಮೂವರು ಸಿಗುವುದೇ ಕಷ್ಟ. ಹತ್ತಿರದ ನೆಂಟರು ಬರುವುದಿಲ್ಲ. ಸಹೋದ್ಯೋಗಿಗಳು “ನಮ್ಮನ್ಯಾಕೆ ಇದ್ರೊಳಗೆ ಎಳೀತೀರಿ” ಅನ್ನುತ್ತಾರೆ. ಹಿಂದಿನ ವಾರ ಅದೇ ಜನ ವೇದಿಕೆಯ ಮುಂದೆ ಕೂತು ಪಲ್ಲವಿಗೆ ತಾಳ ಹಾಕಿದ್ದರು.

ಹಾಗಾಗಿ ಈ ಬಡಾವಣೆಯ ಸಾಂಸ್ಕೃತಿಕ ಮನಸ್ಸುಗಳಿಗೆ ನನ್ನ ಸಲಹೆ ಸರಳ. ಮುಂದಿನ ರಾಜ್ಯೋತ್ಸವಕ್ಕೆ ಆ ಹಾಡನ್ನು ಹಾಡಿಸಿ, ಬೇಡವೆನ್ನುವುದಿಲ್ಲ. ಹಾಡು ಮುಗಿದ ಮೇಲೆ ಎಲ್ಲರೂ ಹೇಳಿದ್ದು ಒಂದೇ ಎನ್ನುವ ಬದಲು ಒಂದು ರಿಜಿಸ್ಟರ್ ಇಡಿ. ಈ ಊರಿನ ಯಾವ ಜೋಡಿ ಕೇಳಿದರೂ ಅಧಿಕಾರಿಯ ಮುಂದೆ ಸಾಕ್ಷಿಯಾಗಿ ಬರುತ್ತೇನೆ ಎನ್ನುವವರು ಹೆಸರು, ಮನೆ ನಂಬರು ಬರೆಯಲಿ. ಮನೆ ಬಾಡಿಗೆಗೆ ಕೊಡುವಾಗ ಪೈಕಿ ಕೇಳುವುದಿಲ್ಲ ಎನ್ನುವವರು ಇನ್ನೊಂದು ಪುಟದಲ್ಲಿ ಬರೆಯಲಿ. ನೂರು ಹೆಸರು ಬಂದರೆ ನಾನು ಬರೆದದ್ದನ್ನೆಲ್ಲ ವಾಪಸು ತೆಗೆದುಕೊಂಡು ಗಿಟಾರಿನ ಹುಡುಗನ ಪಕ್ಕ ನಿಂತು ಪಲ್ಲವಿ ಹಾಡುತ್ತೇನೆ. ಮೂರು ಹೆಸರೂ ಬಾರದಿದ್ದರೆ ಬಸವಣ್ಣ, ಶರೀಫ, ಕುವೆಂಪು ಮೂವರ ಹೆಸರನ್ನೂ ಆ ವೇದಿಕೆಯ ಮೇಲೆ ಎತ್ತುವ ಅರ್ಹತೆ ನಮಗಿಲ್ಲ. ಬೀಟಲ್ಸ್ ಹಾಡನ್ನಷ್ಟೇ ಹಾಡಿಕೊಂಡು ಮನೆಗೆ ಹೋಗೋಣ.